‘ಇಲ್ಲ’ ಬರೆಯುವ ಮೊದಲೇ ಬಿಲ್ಲು ಪ್ರಿಂಟ್ ಆಯ್ತು

ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ ಒಂದು ಅಡಿಕೆ ಅಂಗಡಿ ಇದೆ. ಅವರ ಬಿಲ್ಲಿನ ಪುಟ ಬರೆದುಕೊಟ್ಟವನು ನಾನೇ. ಬ್ರೌಸರಿನಲ್ಲಿ ತೆರೆಯುವ ಒಂದೇ ಒಂದು ಫಾರ್ಮ್. ಮೇಲೆ ಅಡಿಕೆಯ ಬಗೆ ಆರಿಸುವ ಪಟ್ಟಿ, ಕೆಳಗೆ ಹೆಸರು, ಊರು, ಗೋಣಿ ಎಷ್ಟು, ತೂಕ, ದರ, ಕೊನೆಗೆ ಷರಾ. ಒಂದೊಂದು ಬಾಕ್ಸಿನಲ್ಲೂ ಎಂಟರ್ ಒತ್ತಿದರೆ ಕರ್ಸರ್ ಮುಂದಿನದಕ್ಕೆ ಹೋಗಬೇಕು, ಷರಾದಲ್ಲಿ ಒತ್ತಿದರೆ ಬಿಲ್ಲು ಸೇವ್ ಆಗಿ ಪ್ರಿಂಟರಿಗೆ ಹೋಗಬೇಕು. ಇದರಲ್ಲಿ ಎಂತ ಕಷ್ಟ ಅಂದುಕೊಂಡಿದ್ದೆ.

ಒಂದು ದಿನ ಬೆಳಗ್ಗೆ ಅಂಗಡಿಯಿಂದ ಫೋನ್. ವಯಸ್ಸಾದ ಕೃಷಿಕರೊಬ್ಬರು ಹಿಂದಿನ ದಿನದ ಬಿಲ್ಲು ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದಾರಂತೆ, ಏಳುವುದೇ ಇಲ್ಲವಂತೆ. ದುಡ್ಡಿನಲ್ಲಿ ತಪ್ಪಿಲ್ಲ. ಚೋಲಿನ ದರವೇ ಸಿಕ್ಕಿದೆ. ಆದರೆ ಷರಾದ ಜಾಗದಲ್ಲಿ ‘ಕರಿಗೋಟು’ ಅಂತ ಅಚ್ಚಾಗಿದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಚೋಲು ಅಂದರೆ ಇಟ್ಟು ಹಳತಾದ ಒಳ್ಳೆ ಅಡಿಕೆ, ಕರಿಗೋಟು ಅಂದರೆ ಕಪ್ಪಾಗಿ ಕೆಟ್ಟದ್ದು. ವರ್ಷವಿಡೀ ಜೋಪಾನ ಮಾಡಿ ತಂದ ಚೋಲಿನ ಬಿಲ್ಲಿನಲ್ಲಿ ಆ ಮಾತು ಕಂಡರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಬಿಲ್ಲು ಮಾಡುವ ಅಕ್ಕನ ಹತ್ತಿರ ಫೋನಿನಲ್ಲೇ ಕೇಳಿದೆ.

“ನಾನು ಹಾಕ್ಲಿಕ್ಕೆ ಹೊರಟದ್ದು ‘ಕರಿಗೋಟು ಇಲ್ಲ’ ಅಂತ. ‘ಇಲ್ಲ’ ಹಾಕುವ ಮೊದಲೇ ಅದು ಓಡಿಹೋಯ್ತು ಮಾರಾಯ. ನಿನ್ನ ಕಂಪ್ಯೂಟರಿಗೆ ಎಂತ ಅಷ್ಟು ಅವಸರ?”

ನನ್ನ ಮೊದಲ ಉತ್ತರ ಏನಿತ್ತು ಅಂತ ಹೇಳಲು ನಾಚಿಕೆಯಾಗುತ್ತದೆ. “ಅಕ್ಕ, ನೀವು ಗೊತ್ತಿಲ್ಲದೆ ಎಂಟರ್ ಒತ್ತಿರಬೇಕು” ಅಂದೆ. ಅವರು ಒತ್ತಿದ್ದು ಹೌದು. ಆದರೆ ಗೊತ್ತಿಲ್ಲದೆ ಅಲ್ಲ.

ಮನೆಯಲ್ಲಿ ಕೂತು ನಾನು ಇಪ್ಪತ್ತು ಸಲ ಬಿಲ್ಲು ಮಾಡಿ ನೋಡಿದೆ. ಎಲ್ಲ ಸರಿ. ಅಂಗಡಿಯ ಇನ್ನೊಬ್ಬ ಹುಡುಗ, ಮಧ್ಯಾಹ್ನದ ಮೇಲೆ ಬಿಲ್ಲಿಗೆ ಕೂರುವವನು, ಅವನಿಗೂ ಒಮ್ಮೆಯೂ ಹೀಗೆ ಆಗಿಲ್ಲವಂತೆ. ಅಲ್ಲಿಗೆ ಎಲ್ಲರ ಬೆರಳೂ ಅಕ್ಕನ ಕಡೆಗೇ. ಸರ್ವರಿನಲ್ಲಿದ್ದ ಹಳೆ ಬಿಲ್ಲುಗಳ ಷರಾ ತೆಗೆದು ಓದಿದೆ. ಕೆಲವು ಅರ್ಧಕ್ಕೇ ನಿಂತಿದ್ದವು. ಇನ್ನು ಕೆಲವು ವಿಚಿತ್ರ: ‘ಇಲ್ಲ ಕರಿಗೋಟು’, ‘ಬೇರೆ ಪಟೋರ’ (ಪಟೋರವೂ ಅಡಿಕೆಯ ಒಂದು ಬಗೆ). ಇದೆಂಥ ಕನ್ನಡ ಅಂತ ನಕ್ಕು ಮುಂದೆ ಹೋದೆ. ಸುಳಿವು ಅಲ್ಲೇ ಇತ್ತು, ನಾನು ನೋಡಲಿಲ್ಲ.

ಕೊನೆಗೆ ಅಂಗಡಿಗೇ ಹೋಗಿ ಅಕ್ಕನ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಹತ್ತು ನಿಮಿಷ ಸಾಕಾಯಿತು.

ನಾನು ಪರೀಕ್ಷೆ ಮಾಡುವಾಗ ಷರಾದಲ್ಲಿ ಸುಮ್ನೆ ಇಂಗ್ಲಿಷಿನಲ್ಲಿ ಏನೋ ನಾಲ್ಕು ಅಕ್ಷರ ಕುಟ್ಟುತ್ತಿದ್ದೆ. ಹುಡುಗ ಕಲಿತದ್ದು ಮಲಯಾಳಂ ಟೈಪಿಂಗ್, ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. ಇನ್‌ಸ್ಕ್ರಿಪ್ಟ್‌ನ ಚಂದ ಏನೆಂದರೆ ಭಾರತದ ಲಿಪಿಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಜಾಗ. ಮಲಯಾಳಂನ ‘ಕ’ ಎಲ್ಲಿದೆಯೋ ಕನ್ನಡದ ‘ಕ’ವೂ ಅದೇ ಕೀಯಲ್ಲಿದೆ. ಹಾಗಾಗಿ ಕನ್ನಡ ಓದುವುದು ಸ್ವಲ್ಪ ನಿಧಾನವಾದರೂ ಅವನ ಬೆರಳಿಗೆ ಕನ್ನಡ ಬರುತ್ತದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ತಾಲೂಕಿನಲ್ಲಿ ಇಂಥ ಬೆರಳುಗಳು ಬೇಕಾದಷ್ಟು ಸಿಗುತ್ತವೆ. ಅಕ್ಕ ಬಳಸುವುದು ವಿಂಡೋಸ್‌ನ ಕನ್ನಡ ಫೊನೆಟಿಕ್ ಕೀಬೋರ್ಡ್, ವಿಂಡೋಸ್ 10ಕ್ಕೆ 2019ರಲ್ಲಿ ಬಂದದ್ದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾ ಹೋದರೆ ಕೆಳಗೆ ಕನ್ನಡ ಪದಗಳ ಚಿಕ್ಕ ಪಟ್ಟಿ ತೋರಿಸುತ್ತದೆ. ಮೊದಲನೆಯ ಪದವೇ ಬೇಕಿದ್ದರೆ ಸ್ಪೇಸ್ ಒತ್ತಿದರಾಯಿತು. ‘ಇಲ್ಲ’ ಯಾವಾಗಲೂ ಮೊದಲನೆಯದು. ‘ಕರಿಗೋಟು’ ಪಾಪ, ಅಡಿಕೆ ಅಂಗಡಿಯ ಮಾತು, ಪಟ್ಟಿಯಲ್ಲಿ ಕೆಳಗೆಲ್ಲೋ ಇರುತ್ತದೆ. ಅಕ್ಕ ಬಾಣದ ಕೀ ಒತ್ತಿ ಕೆಳಗೆ ಇಳಿದು, ಎಂಟರ್ ಒತ್ತಿ ಅದನ್ನು ಆರಿಸುತ್ತಾರೆ.

ಆ ಎಂಟರ್ ನನಗಲ್ಲ. ಅದು ಪದದ ಪಟ್ಟಿಗೆ. ನನ್ನ ಕೋಡು ನಡುವೆ ಕೈ ಚಾಚಿ ಅದನ್ನು ತನ್ನದೆಂದು ತೆಗೆದುಕೊಳ್ಳುತ್ತಿತ್ತು. ಕನ್ನಡದಲ್ಲಿ ‘ಇಲ್ಲ’ ಕೊನೆಗೆ ಬರುವ ಮಾತು ಬೇರೆ. ಹಾಗಾಗಿ ಅರ್ಧ ವಾಕ್ಯ ಸೇವ್ ಆದರೆ ಅರ್ಥ ಅರ್ಧ ಆಗುವುದಿಲ್ಲ, ತಿರುಗಿಬೀಳುತ್ತದೆ.

ಸರಿ, ಆದರೆ ಹೇಗೆ ತೆಗೆದುಕೊಂಡಿತು? ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಏಕೆಂದರೆ ನಾನು ಓದಿದ್ದ ಸಲಹೆಗಳನ್ನು ಹಾಗೆಯೇ ಅಂಟಿಸಿದ್ದರೆ ಕಾರಣ ತಿಳಿಯದೆಯೇ ಕೆಲಸ ಮುಗಿದುಬಿಡುತ್ತಿತ್ತು.

ಒಂದು ಕೀ ಒತ್ತಿ ಬಿಟ್ಟರೆ ಬ್ರೌಸರ್ ಮುಖ್ಯವಾಗಿ ಎರಡು ಸುದ್ದಿ, ಅಂದರೆ ಇವೆಂಟ್, ಹೇಳುತ್ತದೆ. ಒತ್ತಿದಾಗ ಕೀಡೌನ್, ಬಿಟ್ಟಾಗ ಕೀಅಪ್. ನಡುವೆ ಕೀಪ್ರೆಸ್ ಅಂತ ಒಂದಿತ್ತು, ಅದನ್ನು ಈಗ ಬಳಸಬೇಡಿ ಅನ್ನುತ್ತಾರೆ. ಬಾಕ್ಸಿನ ಒಳಗಿನ ಬರಹ ನಿಜವಾಗಿ ಬದಲಾದಾಗ ಬರುವುದು ಇನ್‌ಪುಟ್ ಅನ್ನುವ ಬೇರೆಯೇ ಇವೆಂಟ್. ನಾನು ಎಂಟರ್ ಹಿಡಿಯಲು ಕೀಅಪ್ ಆರಿಸಿದ್ದೆ. ಕಾರಣ ಸೋಮಾರಿತನ: ಕೀಡೌನ್ ಹೊತ್ತಿಗೆ ಬಾಕ್ಸಿನ ಬೆಲೆ ಇನ್ನೂ ಹಳೆಯದೇ ಇರುತ್ತದೆ, ಕೀಅಪ್ ಹೊತ್ತಿಗೆ ಹೊಸದು ಬಂದಿರುತ್ತದೆ, ಅದೇ ಒಳ್ಳೆಯದಲ್ವಾ ಅಂತ. ಎಂಟರ್ ಒತ್ತಿದ ಕೂಡಲೇ ಬ್ರೌಸರ್ ತಾನಾಗಿಯೇ ಫಾರ್ಮ್ ಕಳಿಸಿಬಿಡಬಾರದು ಅಂತ ಕೀಡೌನ್‌ನಲ್ಲಿ ಎಂಟರ್ ಕಂಡರೆ, ನಿನ್ನ ಮಾಮೂಲು ಕೆಲಸ ಮಾಡಬೇಡ ಅನ್ನುವ ಪ್ರಿವೆಂಟ್‌ಡಿಫಾಲ್ಟ್ ಅಂತಲೂ ಹಾಕಿದ್ದೆ. ಅಂದರೆ ಮುಂಬಾಗಿಲಿಗೆ ಬೀಗ ಹಾಕಿ, ಹಿಂಬಾಗಿಲಲ್ಲಿ ನಾನೇ ಕೂತು ಟಿಕೆಟ್ ಹರಿಯುತ್ತಿದ್ದೆ.

ಅಂಗಡಿಯಲ್ಲೇ ಒಂದು ಖಾಲಿ ಪುಟ ಮಾಡಿ, ಒಂದೇ ಬಾಕ್ಸ್ ಇಟ್ಟು, ಬರುವ ಪ್ರತಿಯೊಂದು ಇವೆಂಟನ್ನೂ ಕೆಳಗೆ ಸಾಲಾಗಿ ಬರೆಯುವಂತೆ ಮಾಡಿದೆ. ಅಕ್ಕನಿಗೆ ‘ಕರಿಗೋಟು’ ಬರೆಯಲು ಹೇಳಿದೆ. ಪದ ಶುರುವಾದಾಗ ಕಂಪೊಸಿಷನ್‌ಸ್ಟಾರ್ಟ್ ಬಂತು. ಆಮೇಲೆ ಒತ್ತಿದ ಪ್ರತಿ ಕೀಗೂ ಕೀಡೌನ್ ಬಂತು, ಆದರೆ ಅದರಲ್ಲಿ ಕೀಯ ಹೆಸರು ಇರಲಿಲ್ಲ. ‘ಪ್ರಾಸೆಸ್’ ಅಂತಷ್ಟೇ ಇತ್ತು, ಕೀಯ ಸಂಖ್ಯೆಯಾದ ಕೀಕೋಡ್ 229, ಪದ ಕಟ್ಟುತ್ತಿದ್ದಾರೆಯೇ ಅಂತ ಹೇಳುವ ಈಸ್‌ಕಂಪೋಸಿಂಗ್ ‘ಹೌದು’. ಎಂಟರಿನ ಕೀಡೌನ್ ಕೂಡ ಹಾಗೆಯೇ: ಪ್ರಾಸೆಸ್, 229. ಆಮೇಲೆ ಕಂಪೊಸಿಷನ್‌ಎಂಡ್. ಅದರ ಬೆನ್ನಿಗೇ ಕೀಅಪ್, ಮತ್ತು ಈಗ ನೋಡಿ, ಹೆಸರು ಸ್ಪಷ್ಟವಾಗಿ ‘ಎಂಟರ್’, ಕೀಕೋಡ್ 13, ಈಸ್‌ಕಂಪೋಸಿಂಗ್ ‘ಇಲ್ಲ’. ಆ ಕೊನೆಯ ಒಂದು ಸಾಲನ್ನು ಮಾತ್ರ ನೋಡಿದವರಿಗೆ ಇದು ಪದ ಆರಿಸಲು ಒತ್ತಿದ ಎಂಟರೋ ಬಿಲ್ಲು ಮುಗಿಸಲು ಒತ್ತಿದ ಎಂಟರೋ ಅಂತ ಹೇಳಲು ಸಾಧ್ಯವೇ ಇಲ್ಲ. ನನ್ನ ಕೋಡು ನೋಡುತ್ತಿದ್ದದ್ದು ಅದನ್ನೇ.

ಹುಡುಗನ ಇನ್‌ಸ್ಕ್ರಿಪ್ಟ್‌ನಲ್ಲಿ ಈ ಪದದ ಪಟ್ಟಿಯೇ ಇಲ್ಲ. ಒಂದು ಕೀ ಒತ್ತಿದರೆ ಅಕ್ಷರ ನೇರ ಬೀಳುತ್ತದೆ. ಅವನ ಎಂಟರ್ ಯಾವಾಗಲೂ ಎಂಟರೇ.

ಹೆಸರಿನ ಬಾಕ್ಸಿನಲ್ಲೂ ಇದೇ ಆಗುತ್ತಿತ್ತು, ಆದರೆ ಬೇರೆ ವೇಷದಲ್ಲಿ. ಪದ ಆರಿಸುವ ಎಂಟರಿಗೇ ಕರ್ಸರ್ ಊರಿಗೆ ಹಾರುತ್ತಿತ್ತು. ಕೀಬೋರ್ಡ್ ನೋಡಿಯೇ ಬರೆಯುವ ಅಕ್ಕ, ಇನ್ನು ಮುಂದೆ ಹೋಗಬೇಕು ಅಂತ ಇನ್ನೊಂದು ಎಂಟರ್ ಒತ್ತುತ್ತಿದ್ದರು. ಕರ್ಸರ್ ಗೋಣಿಗೆ ಹೋಗುತ್ತಿತ್ತು. ಊರಿನ ಹೆಸರನ್ನು ಗೋಣಿಯ ಬಾಕ್ಸಿನಲ್ಲಿ ಬರೆದರೆ ಅದು ಅಂಕಿಯ ಬಾಕ್ಸು, ಏನೂ ಬೀಳುತ್ತಿರಲಿಲ್ಲ. “ನಿನ್ನ ಪುಟ ಕೆಲವೊಮ್ಮೆ ಸತ್ತುಹೋಗುತ್ತದೆ” ಅಂತ ಎರಡು ತಿಂಗಳಿಂದ ಹೇಳುತ್ತಿದ್ದರಲ್ಲ, ಅದು ಇದೇ. ಕರೆಂಟಿನದ್ದೋ ನೆಟ್ಟಿನದ್ದೋ ಸಮಸ್ಯೆ ಅಂತ ನಾನು ಕೈತೊಳೆದುಕೊಂಡಿದ್ದೆ.

ತಿದ್ದುವುದು ಸುಲಭ. ಕೀಅಪ್ ಬಿಟ್ಟೆ. ಎಂಟರನ್ನು ಕೀಡೌನ್‌ನಲ್ಲೇ ನೋಡು, ಆದರೆ ಅದಕ್ಕೂ ಮೊದಲು ಈಸ್‌ಕಂಪೋಸಿಂಗ್ ‘ಹೌದು’ ಇದ್ದರೆ ಅಥವಾ ಕೀಕೋಡ್ 229 ಇದ್ದರೆ ಏನೂ ಮಾಡದೆ ವಾಪಸ್ ಹೋಗು. ಎರಡನ್ನೂ ನೋಡಬೇಕೇ ಅಂದರೆ ನೋಡಬೇಕು. ಕೀಕೋಡ್ ಹಳೆಯದು, ಬಳಸಬೇಡಿ ಅನ್ನುವ ಪಟ್ಟಿಯಲ್ಲಿದೆ ನಿಜ. ಆದರೆ ಸಫಾರಿಯಲ್ಲಿ ಕಂಪೊಸಿಷನ್‌ಎಂಡ್ ಮೊದಲು ಬಂದು ಎಂಟರಿನ ಕೀಡೌನ್ ಆಮೇಲೆ ಬರುತ್ತದೆ. ಆಗ ಈಸ್‌ಕಂಪೋಸಿಂಗ್ ‘ಇಲ್ಲ’ ಅನ್ನುತ್ತದೆ, 229 ಮಾತ್ರ ನಿಜ ಹೇಳುತ್ತದೆ. ಮ್ಯಾಕ್‌ನ ಕ್ರೋಮ್‌ನಲ್ಲಿ ಪದ ಆರಿಸುವ ಎಂಟರಿನ ಹೆಸರೂ ‘ಎಂಟರ್’ ಅಂತಲೇ ಬರುವುದರಿಂದ, ಅಲ್ಲಿ ಬರೀ ಹೆಸರು ನೋಡಿದರೆ ಕೀಡೌನ್‌ನಲ್ಲೂ ಇದೇ ಗತಿ. ಅಂಗಡಿಯ ಧಣಿಗಳ ಮಗನ ಹತ್ತಿರ ಮ್ಯಾಕ್ ಇದೆ, ಅದರಲ್ಲೂ ನೋಡಿಯೇ ಎದ್ದೆ.

ಇನ್ನೊಂದು ಚಿಕ್ಕ ವಿಷಯ. ಕೀಬೋರ್ಡಿನ ಬಲಬದಿಯ ಅಂಕಿ ಕಟ್ಟೆಯ ಎಂಟರ್ ಮತ್ತು ನಡುವಿನ ದೊಡ್ಡ ಎಂಟರ್ ಎರಡಕ್ಕೂ ಕೀ ಅನ್ನುವ ಗುಣದಲ್ಲಿ ‘ಎಂಟರ್’ ಅಂತಲೇ ಇರುತ್ತದೆ. ಕೋಡ್ ಅನ್ನುವ ಗುಣ ಕೇಳಿದರೆ ಒಂದಕ್ಕೆ ಎಂಟರ್, ಇನ್ನೊಂದಕ್ಕೆ ನಂಪ್ಯಾಡ್‌ಎಂಟರ್. ತೂಕ ಬರೆಯುವವರ ಬಲಗೈ ಅಂಕಿ ಕಟ್ಟೆ ಬಿಟ್ಟು ಏಳುವುದೇ ಇಲ್ಲ. ಹಾಗಾಗಿ ಕೀ ನೋಡಿದರೆ ಸಾಕು.

ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಷರಾದ ಎಂಟರನ್ನು ನಾನೇಕೆ ಹಿಡಿಯಬೇಕು, ಫಾರ್ಮ್ ಕಳಿಸುವುದು ಬ್ರೌಸರಿಗೇ ಗೊತ್ತಿರುವ ಕೆಲಸ ಅಲ್ವಾ, ಸಬ್ಮಿಟ್ ಇವೆಂಟಿಗೆ ಕಾದರಾಯಿತು ಅಂದುಕೊಂಡೆ. ವಿಚಾರ ಸರಿಯೇ. ಷರಾದಲ್ಲಿ ನನ್ನ ತಡೆ ತೆಗೆದೆ. ಅಕ್ಕ ಒಂದು ಬಿಲ್ಲು ಪೂರ್ತಿ ತುಂಬಿದರು, ‘ಕರಿಗೋಟು ಇಲ್ಲ’ ಚಂದವಾಗಿ ಬಂತು, ಎಂಟರ್ ಒತ್ತಿದರು. ಎಲ್ಲ ಬಾಕ್ಸೂ ಖಾಲಿ. ಸೇವ್ ಇಲ್ಲ, ಪ್ರಿಂಟ್ ಇಲ್ಲ, ತಪ್ಪಾಯಿತು ಅನ್ನುವ ಸೂಚನೆಯೂ ಇಲ್ಲ.

ಅಕ್ಕ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಇದರ ಕಾರಣ ಸಿಗಲು ಒಂದು ಗಂಟೆ ಹೋಯಿತು. ಒಂದು ಫಾರ್ಮಿನ ಒಳಗಿನ ಬಾಕ್ಸಿನಲ್ಲಿ ಎಂಟರ್ ಒತ್ತಿದರೆ ಬ್ರೌಸರ್ ಆ ಫಾರ್ಮಿನ ಮೊದಲ ಸಬ್ಮಿಟ್ ಬಟನ್ನನ್ನು ಹುಡುಕಿ ಅದನ್ನು ಕ್ಲಿಕ್ ಮಾಡಿದಂತೆ ಮಾಡುತ್ತದೆ. ಮೊದಲನೆಯದು ಅಂದರೆ ಕೋಡಿನ ಸಾಲಿನಲ್ಲಿ ಮೊದಲು ಬರುವುದು. ಎಷ್ಟು ದೊಡ್ಡದು, ಯಾವ ಬಣ್ಣ, ಅದಕ್ಕೆ ಲೆಕ್ಕವಿಲ್ಲ. ಮತ್ತೆ ಬಟನ್ನಿಗೆ ಟೈಪ್ ಏನು ಅಂತ ಬರೆಯದಿದ್ದರೆ ಅದು ಸಬ್ಮಿಟ್ ಬಟನ್ ಅಂತಲೇ ಲೆಕ್ಕ. ನನ್ನ ಫಾರ್ಮಿನ ತಲೆಯಲ್ಲಿ ‘ಖಾಲಿ ಮಾಡು’ ಅಂತ ಒಂದು ಚಿಕ್ಕ ಬಟನ್ ಇತ್ತು, ಟೈಪ್ ಬರೆದಿರಲಿಲ್ಲ. ಮೌಸಿನಲ್ಲಿ ಒತ್ತಿದಾಗ ಏನೂ ಕಳಿಸದಿರಲಿ ಅಂತ ಅದರ ಕ್ಲಿಕ್ಕಿಗೆ ಪ್ರಿವೆಂಟ್‌ಡಿಫಾಲ್ಟ್ ಮಾತ್ರ ಹಾಕಿದ್ದೆ. ಇಷ್ಟು ದಿನ ಎಂಟರಿಗೇ ಬೀಗ ಇದ್ದದ್ದರಿಂದ ಈ ತಪ್ಪು ಕಂಡಿರಲಿಲ್ಲ. ಬೀಗ ತೆಗೆದ ಮೊದಲ ದಿನವೇ ಎಂಟರ್ ಹೋಗಿ ‘ಖಾಲಿ ಮಾಡು’ವನ್ನು ಒತ್ತಿತು. ಟೈಪ್ ಬಟನ್ ಅಂತ ಒಂದು ಪದ ಸೇರಿಸಿದೆ, ಸರಿಯಾಯಿತು. ಪ್ರಿವೆಂಟ್‌ಡಿಫಾಲ್ಟ್ ಹಾಕಿ ಬಾಯಿ ಮುಚ್ಚಿಸಿದ ಪ್ರತಿಯೊಂದು ಜಾಗದ ಹಿಂದೆಯೂ ಇಂಥದ್ದೊಂದು ಕೂತಿರುತ್ತದೆ ಅನ್ನುವುದು ನನ್ನ ಈಗಿನ ಸಂಶಯ.

ಒತ್ತಿ ಹಿಡಿದರೆ ಎರಡು ಬಿಲ್ಲು ಬರುವ ಸಮಸ್ಯೆಯೂ ಅವತ್ತೇ ಸಿಕ್ಕಿತು. ಕೀ ಒತ್ತಿ ಹಿಡಿದರೆ ಕೀಡೌನ್ ಮತ್ತೆ ಮತ್ತೆ ಬರುತ್ತದೆ, ರಿಪೀಟ್ ಅನ್ನುವ ಗುಣ ‘ಹೌದು’ ಅನ್ನುತ್ತದೆ. ಅಂಥದ್ದನ್ನು ಬಿಟ್ಟುಬಿಡು ಅಂದೆ, ಜೊತೆಗೆ ಸೇವ್ ಶುರುವಾದ ಮೇಲೆ ಅದು ಮುಗಿಯುವ ತನಕ ಬಟನ್ ಕೆಲಸ ಮಾಡದಂತೆ ಮಾಡಿದೆ. ಎರಡನೆಯದೇ ನಿಜವಾದ ಮದ್ದು.

ಗೋಣಿಯ ಬಾಕ್ಸಿನ ಕಥೆ ಸ್ವಲ್ಪ ಬೇರೆ. ಅದು ನಂಬರ್ ಟೈಪಿನದು. ನಂಬರ್ ಟೈಪಿನಲ್ಲಿ ಮೇಲಿನ ಬಾಣ ಒತ್ತಿದರೆ ಒಂದು ಜಾಸ್ತಿ, ಕೆಳಗಿನ ಬಾಣ ಒತ್ತಿದರೆ ಒಂದು ಕಡಿಮೆ. ಅಕ್ಕ ಮೊದಲು ಕೆಲಸ ಮಾಡುತ್ತಿದ್ದ ಕಡೆ ಎಲ್ಲ ಎಕ್ಸೆಲ್‌ನಲ್ಲಿ. ಕೆಳಗೆ ಹೋಗಲು ಬೆರಳು ತಾನಾಗಿ ಕೆಳಬಾಣಕ್ಕೆ ಹೋಗುತ್ತದೆ. 7 ಗೋಣಿ 6 ಆಗುತ್ತದೆ, ಕರ್ಸರ್ ಅಲ್ಲೇ ಇರುತ್ತದೆ, ಅವರು ಅಯ್ಯೋ ಅಂತ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಪ್ರತಿ ಗೋಣಿಗೂ ಗೋಣಿಯ ತೂಕ ಕಳೆಯುವುದರಿಂದ ಇದು ಬರೀ ಅಂಕಿಯ ತಪ್ಪಲ್ಲ, ಒಂದು ಗೋಣಿಯ ತೂಕದಷ್ಟು ದುಡ್ಡು ಅಂಗಡಿಯಿಂದ ಹೋಗುತ್ತದೆ. ಇದನ್ನು ಯಾರೂ ದೂರಲಿಲ್ಲ, ಏಕೆಂದರೆ ಲಾಭ ಆದವರು ಜಗಲಿಯಲ್ಲಿ ಬಂದು ಕೂರುವುದಿಲ್ಲ. ಅಕ್ಕನ ಹಿಂದೆ ಕೂತಿದ್ದಕ್ಕೆ ಕಣ್ಣಿಗೆ ಬಿತ್ತು.

ನಂಬರ್ ಟೈಪೇ ಬೇಡ ಅಂತ ತೆಗೆದು, ಸಾದಾ ಬರಹದ ಬಾಕ್ಸ್ ಮಾಡಿ, ಇನ್‌ಪುಟ್‌ಮೋಡ್ ಮಾತ್ರ ಅಂಕಿಯದ್ದು ಅಂತ ಬರೆದೆ. ಫೋನಿನಲ್ಲಿ ಅಂಕಿಯ ಕೀಬೋರ್ಡೇ ತೆರೆಯುತ್ತದೆ, ಬಾಣ ಒತ್ತಿದರೆ ಅಂಕಿ ಬದಲಾಗುವುದಿಲ್ಲ.

ಆಗ ನನ್ನ ಇನ್ನೊಂದು ಹಳೆ ಜಾಣತನ ಹೊರಗೆ ಬಂತು. ತೂಕದ ಬಾಕ್ಸಿನಲ್ಲಿ ಅಂಕಿ ಮತ್ತು ಚುಕ್ಕಿ ಬಿಟ್ಟು ಬೇರೆ ಕೀ ಒತ್ತಿದರೆ ಕೀಡೌನ್‌ನಲ್ಲೇ ತಡೆದುಬಿಡು ಅಂತ ಬರೆದಿದ್ದೆ. ಇಂಥದ್ದನ್ನು ಬರೆದವರೆಲ್ಲರೂ ಒಂದು ದಿನ ಬ್ಯಾಕ್‌ಸ್ಪೇಸ್ ಕೆಲಸ ಮಾಡುತ್ತಿಲ್ಲ ಅಂತ ಫೋನ್ ತೆಗೆದುಕೊಂಡವರೇ. ಆಮೇಲೆ ಬ್ಯಾಕ್‌ಸ್ಪೇಸ್ ಸೇರಿಸುತ್ತೇವೆ, ಆಮೇಲೆ ಟ್ಯಾಬ್, ಆಮೇಲೆ ಎಡ ಬಲದ ಬಾಣ, ಆಮೇಲೆ ಕಂಟ್ರೋಲ್ ಹಿಡಿದು ಅಂಟಿಸುವುದು, ಪಟ್ಟಿ ಅಡಿಕೆ ಮರದ ಹಾಗೆ ಉದ್ದಕ್ಕೆ ಹೋಗುತ್ತದೆ. ಇಷ್ಟೆಲ್ಲ ಮಾಡಿಯೂ ಧಣಿಗಳು ತೂಕದ ಮಷಿನಿನ ಹತ್ತಿರ ನಿಂತು ಫೋನಿನಿಂದ ಬರೆದರೆ ತಡೆ ನಡೆಯುತ್ತಲೇ ಇರಲಿಲ್ಲ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಗೂಗಲ್ ಕೀಬೋರ್ಡಾದ ಜಿಬೋರ್ಡಿನ ಹೆಚ್ಚಿನ ಕೀಗಳು ‘ಅನ್‌ಐಡೆಂಟಿಫೈಡ್’, ಕೀಕೋಡ್ 229 ಅಂತ ಬರುತ್ತವೆ. ಯಾವ ಅಕ್ಷರ ಅಂತ ಕೀಡೌನ್‌ನಿಂದ ತಿಳಿಯುವುದೇ ಇಲ್ಲ, ಪ್ರಿವೆಂಟ್‌ಡಿಫಾಲ್ಟ್ ಅಂದರೂ ಅದು ಕೇಳುವುದಿಲ್ಲ. ಮೌಸಿನಲ್ಲಿ ಅಂಟಿಸಿದರಂತೂ ಕೀಯೇ ಇಲ್ಲ. ಏನು ಬರೆದಿದ್ದಾರೆ ಅನ್ನುವುದು ಮುಖ್ಯವಾದರೆ ಕೇಳಬೇಕಾದದ್ದು ಇನ್‌ಪುಟ್ ಇವೆಂಟನ್ನು, ಕೀಯನ್ನಲ್ಲ. ಕೀಡೌನ್ ಇರುವುದು ಮುಂದಕ್ಕೆ ಹೋಗು, ಮುಗಿಸು ಅನ್ನುವಂಥ ಅಪ್ಪಣೆಗಳಿಗೆ.

ಧಣಿಗಳು ಒಮ್ಮೆ ವಾಟ್ಸಾಪಿನಿಂದ ತೂಕ ನಕಲು ಮಾಡಿ ಅಂಟಿಸಿದ್ದರು, ‘೪೮.೫’ ಅಂತ ಕನ್ನಡ ಅಂಕಿಯಲ್ಲಿ. ಜಾವಾಸ್ಕ್ರಿಪ್ಟ್‌ನ ನಂಬರ್‌ಗೆ ಅದನ್ನು ಕೊಟ್ಟರೆ ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ನಮ್ಮದೇ ಅಂಕಿ, ನಮ್ಮದೇ ಬಿಲ್ಲು, ಸಂಖ್ಯೆ ಅಲ್ಲವಂತೆ. ಹತ್ತು ಕನ್ನಡ ಅಂಕಿ, ಹತ್ತು ಮಲಯಾಳಂ ಅಂಕಿ, ಯೂನಿಕೋಡಿನಲ್ಲಿ ಎರಡೂ ಸೊನ್ನೆಯಿಂದ ಒಂಬತ್ತರ ತನಕ ಸಾಲಾಗಿಯೇ ಇವೆ. ಸೊನ್ನೆಯ ಜಾಗ ಕಳೆದರೆ ಬೆಲೆ ಸಿಗುತ್ತದೆ. ಬಾಕ್ಸ್ ಬಿಟ್ಟು ಹೊರಡುವಾಗ, ಅಂದರೆ ಚೇಂಜ್ ಇವೆಂಟಿನಲ್ಲಿ, ಬದಲಾಯಿಸಿದೆ. ಬರೆಯುತ್ತಿರುವಾಗಲೇ ಬಾಕ್ಸಿನ ಬೆಲೆಯನ್ನು ತಿದ್ದಿದರೆ ಅರ್ಧ ಕಟ್ಟಿದ ಪದ ಮುರಿದುಬೀಳುತ್ತದೆ.

ನಾನು ಪರೀಕ್ಷೆಗೆ ಅಂತ ಬರೆದಿದ್ದ ಸ್ಕ್ರಿಪ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಕೋಡಿನಿಂದಲೇ ಒಂದು ಸುಳ್ಳು ಕೀಅಪ್ ಮಾಡಿ ಕಳಿಸುತ್ತಿತ್ತು, ಬಿಲ್ಲು ಸೇವ್ ಆಯಿತೇ ಅಂತ ನೋಡುತ್ತಿತ್ತು. ಯಾವಾಗಲೂ ಪಾಸ್. ಹಾಗೆ ಕೋಡಿನಿಂದ ಹುಟ್ಟಿಸಿದ ಕೀ ಬಾಕ್ಸಿನಲ್ಲಿ ಅಕ್ಷರ ಬರೆಯುವುದಿಲ್ಲ, ಫಾರ್ಮ್ ಕಳಿಸುವುದಿಲ್ಲ, ಪದದ ಪಟ್ಟಿ ತೆರೆಯುವುದಂತೂ ಇಲ್ಲವೇ ಇಲ್ಲ. ಈಗ ಹೊಸದಾಗಿ ಏನೇ ಬದಲಿಸಿದರೂ ಮೂರು ಸಲ ಕೈಯಲ್ಲೇ ಬಿಲ್ಲು ಮಾಡುತ್ತೇನೆ: ಫೊನೆಟಿಕ್‌ನಲ್ಲಿ ಒಂದು, ಇನ್‌ಸ್ಕ್ರಿಪ್ಟ್‌ನಲ್ಲಿ ಒಂದು, ಫೋನಿನಲ್ಲಿ ಒಂದು. ಮೂರರಲ್ಲೂ ಷರಾ ‘ಕರಿಗೋಟು ಇಲ್ಲ’.

ಜಗಲಿಯಲ್ಲಿ ಕೂತಿದ್ದ ಹಿರಿಯರಿಗೆ ಅವತ್ತೇ ಬೇರೆ ಬಿಲ್ಲು ಪ್ರಿಂಟ್ ಮಾಡಿ ಕೊಟ್ಟಾಗಿತ್ತು. ಹಳೆಯದನ್ನು ತಾವೇ ಹರಿದು ಕಸದ ಬುಟ್ಟಿಗೆ ಹಾಕಿ ಹೋದರಂತೆ.

ಮೂರು ವಾರ ಬಿಟ್ಟು ಪುನಃ ಅಂಗಡಿಗೆ ಹೋದಾಗ ಆ ದಿನದ ಬಿಲ್ಲುಗಳನ್ನು ತಿರುವಿ ನೋಡಿದೆ. ಮೊದಲ ಬಿಲ್ಲಿನಲ್ಲೇ ‘ಇಲ್ಲ ಕರಿಗೋಟು’. ಎದೆ ಧಸಕ್ ಅಂತು.

“ಅಕ್ಕ, ಪುನಃ ಓಡಿಹೋಗಲಿಕ್ಕೆ ಶುರುವಾಯ್ತಾ?”

“ಇಲ್ಲ ಮಾರಾಯ, ಈಗ ಸರಿ ಉಂಟು. ಮೊದಲು ‘ಇಲ್ಲ’ ಬರೆದಿಟ್ಟರೆ ಆಮೇಲೆ ಎಂಟರ್ ಎಲ್ಲಿಗೆ ಬೇಕಾದರೂ ಓಡಲಿ ಅಂತ ಆಗ ಅಭ್ಯಾಸ ಮಾಡಿಕೊಂಡದ್ದು. ಈಗ ಕೈಗೆ ಅದೇ ಬರುತ್ತದೆ.”